ಹಿಂದಿನ ಡ್ರಮ್ ಬ್ರೇಕ್ ತೆಗೆಸಿ ಡಿಸ್ಕ್ ಹಾಕಿಸುವುದು: ಘಾಟಿ ಇಳಿಯುವವರ ಅಭಿಪ್ರಾಯ ಬೇಕು

ಬಣಕಲ್ ಸವಾರ:
ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಹತ್ತು ವರ್ಷ ದಾಟಿದ ಒಂದು ಡೀಸೆಲ್ ಹ್ಯಾಚ್‌ಬ್ಯಾಕ್ ಇದೆ. ಮುಂದಿನ ಚಕ್ರಗಳಿಗೆ ಡಿಸ್ಕ್ (ತಿರುಗುವ ತಟ್ಟೆಯನ್ನು ಪ್ಯಾಡ್‌ಗಳು ಎರಡು ಬದಿಯಿಂದ ಹಿಡಿಯುವುದು), ಹಿಂದಿನವಕ್ಕೆ ಡ್ರಮ್ (ಮುಚ್ಚಿದ ಡ್ರಮ್ಮನ್ನು ಒಳಗಿನಿಂದ ಶೂಗಳು ಒತ್ತುವುದು), ಚಕ್ರ ತಿರುಗದೆ ಲಾಕ್ ಆಗುವುದನ್ನು ತಡೆಯುವ ಎಬಿಎಸ್ ಇಲ್ಲದ ಮಾದರಿ. ಮಗಳು ಮಂಗಳೂರಿನಲ್ಲಿ ಓದುತ್ತಿರುವುದರಿಂದ ಚಾರ್ಮಾಡಿ ಘಾಟಿಯಲ್ಲಿ ಆಗಾಗ ಓಡಾಟವಿರುತ್ತದೆ. ನಾಲ್ಕು ಜನ ಕುಳಿತು ಡಿಕ್ಕಿಯೂ ತುಂಬಿದ್ದರೆ, ಕೊಟ್ಟಿಗೆಹಾರದಿಂದ ಇಳಿಯತೊಡಗಿ ಘಾಟಿ ಮುಗಿಯುವ ಹೊತ್ತಿಗೆ ಬ್ರೇಕ್ ಪೆಡಲ್ ಮೆತ್ತಗಾಗಿ, ಮೊದಲಿಗಿಂತ ಆಳಕ್ಕೆ ಹೋಗುತ್ತದೆ. ಕೆಳಗೆ ಎಲ್ಲಾದರೂ ನಿಲ್ಲಿಸಿ ಕಾಫಿ ಕುಡಿದು ಹೊರಟರೆ ಮತ್ತೆ ಸರಿಯಾಗಿರುತ್ತದೆ.

ನನಗೆ ಪರಿಚಯವಿರುವ ಗ್ಯಾರೇಜಿನವರು ಹಿಂದಿನ ಡ್ರಮ್‌ಗಳನ್ನು ತೆಗೆದು ಡಿಸ್ಕ್ ಹಾಕಿದರೆ ಈ ತೊಂದರೆ ಇರುವುದಿಲ್ಲ ಎಂದು ಹೇಳುತ್ತಿದ್ದಾರೆ. ಬೆಂಗಳೂರಿನ ಗುಜರಿಯಿಂದ ಡಿಸ್ಕ್ ಮತ್ತು ಪ್ಯಾಡ್ ಒತ್ತುವ ಕ್ಯಾಲಿಪರ್ ತರಿಸುತ್ತಾರಂತೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಈಗಿರುವುದೇ ಸಾಕಂತೆ. ಹ್ಯಾಂಡ್‌ಬ್ರೇಕ್ ಏನಾಗುತ್ತದೆ ಎಂದು ಕೇಳಿದ್ದಕ್ಕೆ "ಅದನ್ನು ಆಮೇಲೆ ನೋಡಿಕೊಳ್ಳೋಣ" ಎಂದರು. ಆ ಮಾತು ಕೇಳಿದ ಮೇಲೆ ಇಲ್ಲಿ ಬರೆಯಬೇಕೆನಿಸಿತು. ಹೀಗೆ ಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಬೇಲೂರು ರಸ್ತೆ:
ಹ್ಯಾಂಡ್‌ಬ್ರೇಕನ್ನು "ಆಮೇಲೆ ನೋಡಿಕೊಳ್ಳೋಣ" ಎನ್ನುವವರ ಗ್ಯಾರೇಜಿನಿಂದ ಕಾರನ್ನು ಮೊದಲು ಹೊರಗೆ ತನ್ನಿ.

ಆಲೂರು ಹುಡುಗ:
ಖಂಡಿತ ಹಾಕಿಸಿ ಸರ್. ಡ್ರಮ್ ಎನ್ನುವುದು ಹಳೆಯ ಕಾಲದ ತಂತ್ರಜ್ಞಾನ, ಕಂಪನಿಗಳು ಹಣ ಉಳಿಸುವುದಕ್ಕಾಗಿ ಅದನ್ನು ಇನ್ನೂ ಕೊಡುತ್ತಿವೆ. 2017ರಲ್ಲಿ ಬಂದ ಬಲೆನೊ ಆರ್‌ಎಸ್‌ಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಕೊಟ್ಟಿದ್ದರು. ಅದೇ ಅಳತೆಯ ಕಾರಿಗೆ ಅಲ್ಲಿ ಬೇಕೆನಿಸಿದ್ದು ನಮಗೆ ಯಾಕೆ ಬೇಡ? ನಾನೂ ನನ್ನ ಕಾರಿಗೆ ಹಾಕಿಸಬೇಕೆಂದು ವಿಚಾರಿಸುತ್ತಿದ್ದೇನೆ.

ಲೇತ್ ಮೇಷ್ಟ್ರು:
ಹಾಸನದಲ್ಲಿ ಬ್ರೇಕ್ ಮತ್ತು ಲೇತ್ ಕೆಲಸ ಮಾಡಿಕೊಂಡಿರುವವನು ನಾನು. ಡಿಸ್ಕ್ ವಿಷಯಕ್ಕೆ ಬರುವ ಮೊದಲು ಬಣಕಲ್‌ನವರಿಗೆ ಒಂದು ಪ್ರಶ್ನೆ. ಪೆಡಲ್ ಮೆತ್ತಗಾಗುತ್ತದೆ ಎಂದಿರಿ. ಅದು ಸ್ಪಂಜಿನ ಹಾಗೆ ಒತ್ತಿಕೊಂಡು ಒಳಗೆ ಹೋಗುತ್ತದೆಯೋ ಅಥವಾ ಕಾಲಿಗೆ ಗಟ್ಟಿಯಾಗಿಯೇ ಸಿಕ್ಕಿ ಕಾರು ಮಾತ್ರ ನಿಲ್ಲುವುದಿಲ್ಲವೋ?

ಇವೆರಡೂ ಬೇರೆ ಬೇರೆ ಕಾಯಿಲೆಗಳು. ಪ್ಯಾಡ್ ಅಥವಾ ಶೂ ಮೇಲಿನ ಲೈನರ್ ಮಿತಿಮೀರಿ ಬಿಸಿಯಾಗಿ ಹಿಡಿತ ಕಳೆದುಕೊಂಡಾಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಕಾರು ಮುಂದಕ್ಕೆ ಜಾರುತ್ತಿರುತ್ತದೆ, ಜೊತೆಗೆ ಸುಟ್ಟ ವಾಸನೆಯೂ ಬರುತ್ತದೆ. ಪೆಡಲ್ ಮೆತ್ತಗಾಗಿ ಆಳಕ್ಕೆ ಹೋಯಿತೆಂದರೆ ಬ್ರೇಕ್ ಆಯಿಲ್ ಕುದಿದು ಒಳಗೆ ಆವಿಯ ಗುಳ್ಳೆ ಎದ್ದಿರಬಹುದು. ಆಯಿಲನ್ನು ಒತ್ತಿ ಕುಗ್ಗಿಸಲಾಗದು, ಆವಿ ಮಾತ್ರ ಸುಲಭವಾಗಿ ಕುಗ್ಗುತ್ತದೆ, ಆದ್ದರಿಂದ ನಿಮ್ಮ ಕಾಲಿನ ಒತ್ತಡವೆಲ್ಲ ಆ ಗುಳ್ಳೆಯನ್ನು ಹಿಂಡುವುದಕ್ಕೇ ಖರ್ಚಾಗುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಸರಿಹೋಗುತ್ತದೆ. ನೀವು ಹೇಳಿದ ಲಕ್ಷಣ ಇದಕ್ಕೇ ಹೊಂದುತ್ತದೆ.

ಹಾಗೆ ಕುದಿಯುವುದು ಹೆಚ್ಚಾಗಿ ಮುಂದಿನ ಕ್ಯಾಲಿಪರ್‌ಗಳಲ್ಲಿ, ಏಕೆಂದರೆ ಹೆಚ್ಚಿನ ಕೆಲಸ ಮಾಡುವುದು ಅವೇ. ಮುಂದೆ ಕುದಿಯುತ್ತಿರುವ ಆಯಿಲಿಗೆ ಹಿಂದಿನ ಡ್ರಮ್ ಬಿಚ್ಚಿದರೆ ಏನು ಪ್ರಯೋಜನ? ಬ್ರೇಕ್ ಆಯಿಲ್ ಬದಲಿಸಿ ಎಷ್ಟು ಕಾಲವಾಯಿತು, ಹೇಳಿ.

ಬಣಕಲ್ ಸವಾರ:
ಸ್ಪಂಜಿನ ಹಾಗೆಯೇ ಮೇಷ್ಟ್ರೇ. ಎರಡು ಸಲ ಬೇಗಬೇಗ ಒತ್ತಿದರೆ ಸ್ವಲ್ಪ ಮೇಲೆ ಬರುತ್ತದೆ. ಕಾರು ಕೊಂಡಿದ್ದು ಎರಡನೆಯ ಕೈಯಲ್ಲಿ. ನಾನು ಕೊಂಡ ಮೇಲೆ ಆಯಿಲ್ ಮಟ್ಟ ನೋಡಿ ಮೇಲಿನಿಂದ ತುಂಬಿಸಿದ್ದಾರೆಯೇ ಹೊರತು ಪೂರ್ತಿ ಬದಲಿಸಿದ್ದು ಗೊತ್ತಿಲ್ಲ.

ಯಂತ್ರಪಾಠ ಹಾಸನ:
ಮೇಷ್ಟ್ರು ಹೇಳಿದ್ದಕ್ಕೆ ಕೆಲವು ಅಂಕಿಗಳನ್ನು ಸೇರಿಸುತ್ತೇನೆ. ಡಾಟ್ 3 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಡಾಟ್ 4ಕ್ಕೆ ಇದು 230 ಡಿಗ್ರಿ. ಆದರೆ ಈ ಆಯಿಲ್‌ಗಳು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತವೆ. ಶೇಕಡಾ 3.7ರಷ್ಟು ನೀರು ಸೇರಿದಾಗ ಡಾಟ್ 3ರ ಕನಿಷ್ಠ ಮಿತಿ 140ಕ್ಕೂ ಡಾಟ್ 4ರದು 155ಕ್ಕೂ ಇಳಿಯುತ್ತದೆ. ಮೂಡಿಗೆರೆ ಕಡೆಯ ಮಳೆಗಾಲದ ತೇವದಲ್ಲಿ ವರ್ಷಗಟ್ಟಲೆ ಬದಲಿಸದೆ ಬಿಟ್ಟ ಆಯಿಲ್ ಯಾವ ಸ್ಥಿತಿಯಲ್ಲಿರಬಹುದೆಂದು ನೀವೇ ಯೋಚಿಸಿ.

ಘಾಟಿ ಇಳಿಯುವಾಗ ಹುಟ್ಟುವ ಶಾಖವನ್ನೂ ಲೆಕ್ಕ ಹಾಕಬಹುದು. ಜನರೂ ಸಾಮಾನೂ ಸೇರಿ 1300 ಕಿಲೋ ತೂಗುವ ಕಾರು 100 ಮೀಟರ್ ಎತ್ತರವನ್ನು ಇಳಿಯುವಾಗ ಸುಮಾರು 12.7 ಲಕ್ಷ ಜೂಲ್ ಶಕ್ತಿಯನ್ನು ಎಲ್ಲಾದರೂ ಕಳೆದುಕೊಳ್ಳಲೇಬೇಕು. ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಶಾಖ ಸಾಕು. ನೀವು ಇಳಿಯುವುದು ಬರೀ 100 ಮೀಟರ್ ಅಲ್ಲ. ಇದರಲ್ಲಿ ಗಾಳಿಯ ತಡೆಗೂ ಟೈರಿನ ಉರುಳಾಟಕ್ಕೂ ಹೋಗುವುದನ್ನು ಬಿಟ್ಟರೆ, ಉಳಿದದ್ದನ್ನು ಎಂಜಿನ್ ಹಿಡಿಯಬೇಕು, ಇಲ್ಲವಾದರೆ ಬ್ರೇಕ್ ಹಿಡಿಯಬೇಕು. ಎಂಜಿನ್‌ಗೆ ಎಷ್ಟು ಬಿಡುತ್ತೀರಿ ಎಂಬುದು ನೀವು ಹಾಕಿದ ಗೇರಿನ ಮೇಲೆ ನಿಂತಿದೆ.

ಶಿರಾಡಿ ಲಾರಿ:
ಇದನ್ನೇ ನಾನು ಹೇಳಬೇಕೆಂದಿದ್ದೆ, ಮೇಡಂ ಅಥವಾ ಸರ್, ಯಾರೋ ತಿಳಿಯದು. ಸಕಲೇಶಪುರದಿಂದ ಗುಂಡ್ಯದವರೆಗೆ ಲೋಡ್ ಹೊತ್ತು ಇಳಿಯುವ ನಮ್ಮ ಲಾರಿಗಳಲ್ಲಿ ಇರುವುದು ಡ್ರಮ್ಮೇ. ಹತ್ತುವುದಕ್ಕೆ ಯಾವ ಗೇರ್ ಬೇಕೋ ಇಳಿಯುವುದಕ್ಕೂ ಅದೇ ಗೇರ್ ಎಂದು ಹಿರಿಯ ಚಾಲಕರು ಕಲಿಸಿದ್ದರು. ಹೊಗೆಯ ದಾರಿ ತಡೆದು ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿಕೊಂಡು, ತಿರುವು ಬಂದಾಗ ಮಾತ್ರ ಕಾಲಿನ ಬ್ರೇಕ್ ಒತ್ತಿ ಬಿಡುತ್ತೇವೆ. ಕಾರಿನವರು ನಾಲ್ಕನೆಯ ಗೇರಿನಲ್ಲಿ ಬ್ರೇಕ್ ದೀಪ ಉರಿಸಿಕೊಂಡೇ ಘಾಟಿಯನ್ನೆಲ್ಲ ಇಳಿಯುವುದನ್ನು ದಿನವೂ ನೋಡುತ್ತೇನೆ. ಅವರ ಹಿಂದೆ ಬಂದರೆ ಕಿಟಕಿ ಏರಿಸಿಕೊಳ್ಳಬೇಕು, ಅಷ್ಟು ವಾಸನೆ.

ಇನ್ನೊಂದು ಮಾತು. ಬಿಸಿಯಾಗಿದೆ ಎಂದು ಡ್ರಮ್‌ಗೆ ತಣ್ಣೀರು ಸುರಿಯಬೇಡಿ. ಎರಕದ ಕಬ್ಬಿಣ ಒಮ್ಮೆಲೇ ತಣಿದರೆ ಬಿರುಕು ಬಿಡಬಹುದು.

ಕೈಮರ ಕಾಫಿ:
ಎಲ್ಲರೂ ಸೇರಿ ಡ್ರಮ್ಮಿಗೆ ಪಟ್ಟ ಕಟ್ಟುವ ಮೊದಲು, ಪರಿವರ್ತನೆ ಮಾಡಿಸಿ ಓಡಿಸುತ್ತಿರುವ ನನ್ನ ಮಾತನ್ನೂ ಕೇಳಿ. ನಮ್ಮ ತೋಟ ಬಾಬಾಬುಡನ್‌ಗಿರಿ ರಸ್ತೆಯ ಕಡೆ ಇದೆ. ಹಿಂದಿನ ಡ್ರಮ್‌ಗಳಲ್ಲಿ ಮಳೆಗಾಲವಿಡೀ ಕೆಸರು ಕುಳಿತು, ತೊರೆ ದಾಟಿದ ಮೇಲೆ ಮೊದಲ ಕೆಲವು ಬ್ರೇಕುಗಳು ಹಿಡಿಯುತ್ತಲೇ ಇರಲಿಲ್ಲ. ಡಿಸ್ಕ್ ಬಯಲಿನಲ್ಲಿ ತಿರುಗುವುದರಿಂದ ನೀರನ್ನು ಚಿಮ್ಮಿಸಿ ಬೇಗ ಒಣಗುತ್ತದೆ. ಪ್ಯಾಡ್ ಎಷ್ಟು ಸವೆದಿದೆ ಎಂದು ಚಕ್ರ ಬಿಚ್ಚಿದರೆ ಕಣ್ಣಿಗೇ ಕಾಣುತ್ತದೆ, ಡ್ರಮ್ಮಿನ ಹಾಗೆ ಸುತ್ತಿಗೆ ಹಿಡಿದು ಬಡಿಯುವ ಕೆಲಸವಿಲ್ಲ.

ಮೇಷ್ಟ್ರಿಗೆ ಒಂದು ಆಕ್ಷೇಪ. "ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದು" ಎಂಬ ಮಾತು ಗಕ್ಕನೆ ನಿಲ್ಲಿಸುವಾಗಿನದು. ಘಾಟಿಯಲ್ಲಿ ನಾವು ಗಕ್ಕನೆ ನಿಲ್ಲಿಸುತ್ತಿಲ್ಲ, ಹಗುರವಾಗಿ ಒತ್ತಿ ವೇಗವನ್ನು ಹಿಡಿದಿಡುತ್ತಿದ್ದೇವೆ. ಆಗ ಭಾರ ಮುಂದಕ್ಕೆ ವಾಲುವುದು ಕಡಿಮೆ, ಆದ್ದರಿಂದ ಹಿಂದಿನ ಬ್ರೇಕೂ ತಕ್ಕಮಟ್ಟಿಗೆ ದುಡಿಯುತ್ತದೆ. ಹಾಗೆ ದುಡಿಯುವಾಗ ಶಾಖವನ್ನು ಬೇಗ ಹೊರಗೆ ಬಿಡುವ ಡಿಸ್ಕ್ ಇದ್ದರೆ ಒಳ್ಳೆಯದಲ್ಲವೇ?

ಯಂತ್ರಪಾಠ ಹಾಸನ:
ಕೈಮರದವರ ಆಕ್ಷೇಪದಲ್ಲಿ ತೂಕವಿದೆ. ಲೆಕ್ಕ ಹೀಗೆ ಬರುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.45 ಮೀಟರ್ ಅಂತರವಿದೆ, ಕಾರಿನ ಗುರುತ್ವಕೇಂದ್ರ ನೆಲದಿಂದ 0.55 ಮೀಟರ್ ಎತ್ತರದಲ್ಲಿದೆ, ನಿಂತಾಗ ಭಾರದ ಶೇಕಡಾ 40 ಹಿಂದಿನ ಚಕ್ರಗಳ ಮೇಲಿದೆ ಎಂದು ಇಟ್ಟುಕೊಳ್ಳಿ. ಗುರುತ್ವವೇಗೋತ್ಕರ್ಷದ 0.8ರಷ್ಟು ಬಿರುಸಿನಿಂದ ಬ್ರೇಕ್ ಹಾಕಿದರೆ ಶೇಕಡಾ 18ರಷ್ಟು ಭಾರ ಹಿಂದಿನಿಂದ ಮುಂದಕ್ಕೆ ಹೋಗಿ, ಹಿಂದೆ ಉಳಿಯುವುದು ಶೇಕಡಾ 22 ಮಾತ್ರ. ಘಾಟಿಯಲ್ಲಿ ವೇಗ ಏರದಂತೆ ಹಿಡಿದಿಡುವಾಗ ಶೇಕಡಾ ಎರಡೋ ಮೂರೋ ಮಾತ್ರ ಮುಂದಕ್ಕೆ ಹೋಗುತ್ತದೆ. ಆಗ ಹಿಂದಿನ ಚಕ್ರಗಳಿಗೆ ಕೆಲಸ ಮಾಡುವ ಅವಕಾಶ ಹೆಚ್ಚು. ಹಿಂದಿನ ಒತ್ತಡವನ್ನು ಕಡಿಮೆ ಮಾಡುವ ಪ್ರಪೋರ್ಷನಿಂಗ್ ವಾಲ್ವ್ ಕೂಡ ಹಗುರವಾದ ಬ್ರೇಕಿಗೆ ಅಡ್ಡ ಬರುವುದಿಲ್ಲ, ಒತ್ತಡ ಒಂದು ಮಿತಿಯನ್ನು ದಾಟಿದ ಮೇಲೆಯೇ ಅದರ ಆಟ ಶುರು.

ಹಾಗಾಗಿ ಹಿಂದಿನ ಡ್ರಮ್ಮೂ ಘಾಟಿಯಲ್ಲಿ ಬಿಸಿಯಾಗುತ್ತದೆ ಎಂಬುದು ನಿಜ. ಬಿಸಿಯಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುವುದರಿಂದಲೂ ಪೆಡಲ್ ಆಳಕ್ಕೆ ಹೋಗಬಹುದು. ಡಿಸ್ಕ್ ಹಿಗ್ಗಿದರೆ ಪ್ಯಾಡಿನ ಕಡೆಗೇ ದಪ್ಪವಾಗುತ್ತದೆ, ಅದರಲ್ಲಿ ಈ ದೋಷವಿಲ್ಲ. ಆದರೆ ಬಣಕಲ್‌ನವರ ಸಮಸ್ಯೆಗೆ ಇದೇ ಮೊದಲ ಮದ್ದು ಎಂದು ನಾನು ಈಗಲೂ ಒಪ್ಪುವುದಿಲ್ಲ.

ಡಿಸ್ಕ್‌ನಲ್ಲಿಲ್ಲದ ಒಂದು ಗುಣ ಡ್ರಮ್ಮಿಗಿದೆ, ಪರಿವರ್ತನೆ ಮಾಡುವವರು ಹೆಚ್ಚಾಗಿ ಇಲ್ಲೇ ಎಡವುವುದು. ಮುಂದಿನ ಶೂ ಡ್ರಮ್ಮಿಗೆ ತಾಗಿದೊಡನೆ, ತಿರುಗುತ್ತಿರುವ ಡ್ರಮ್ಮೇ ಅದನ್ನು ತನ್ನ ಕಡೆಗೆ ಇನ್ನಷ್ಟು ಎಳೆದುಕೊಳ್ಳುತ್ತದೆ. ಕಾಲಿನ ಒತ್ತಡ ಕಡಿಮೆಯಿದ್ದರೂ ಹಿಡಿತ ಹೆಚ್ಚು ಬರುವುದು ಇದರಿಂದ. ಡಿಸ್ಕ್‌ನಲ್ಲಿ ಒತ್ತಿದಷ್ಟೇ ಹಿಡಿತ. ಅದನ್ನು ಸರಿದೂಗಿಸಲು ಕ್ಯಾಲಿಪರ್‌ಗೆ ದೊಡ್ಡ ಪಿಸ್ಟನ್ ಕೊಟ್ಟಿರುತ್ತಾರೆ. ಡ್ರಮ್ಮಿನ ಶೂಗಳನ್ನು ತಳ್ಳುವ 19 ಮಿಲಿಮೀಟರ್ ವೀಲ್ ಸಿಲಿಂಡರ್ ತೆಗೆದು 34 ಮಿಲಿಮೀಟರ್ ಪಿಸ್ಟನ್‌ನ ಕ್ಯಾಲಿಪರ್ ಕೂರಿಸಿದರೆ ಪಿಸ್ಟನ್ನಿನ ವಿಸ್ತೀರ್ಣ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಹಿಡಿತ ಎಷ್ಟು ಬರುತ್ತದೆ, ಮಾಸ್ಟರ್ ಸಿಲಿಂಡರ್ ತಳ್ಳುವ ಆಯಿಲ್ ಅದಕ್ಕೆ ಸಾಲುತ್ತದೆಯೇ ಎಂಬುದನ್ನು ಲೆಕ್ಕ ಮಾಡದೆ "ಈಗಿರುವುದೇ ಸಾಕು" ಎನ್ನುವುದು ಅಂದಾಜಿನ ಮಾತು.

(ಶಿರಾಡಿಯವರೇ, ಮೇಡಂ ಎಂದರೆ ಸಾಕು.)

ಆಲೂರು ಹುಡುಗ:
ಹಿಡಿತ ಜಾಸ್ತಿಯಾದರೆ ಒಳ್ಳೆಯದೇ ಅಲ್ಲವೇ ಮೇಡಂ? ಬೇಗ ನಿಲ್ಲುತ್ತದೆ.

ಲೇತ್ ಮೇಷ್ಟ್ರು:
ಅಲ್ಲಪ್ಪ. ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆದರೆ ಕಾರಿನ ಹಿಂಭಾಗ ಮುಂದಕ್ಕೆ ಬರಲು ನೋಡುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಸ್ಟೀರಿಂಗ್ ಮಾತು ಕೇಳುವುದಿಲ್ಲ, ಕಾರು ನೇರಕ್ಕೆ ಜಾರುತ್ತದೆ, ಕಾಲು ಸ್ವಲ್ಪ ಎತ್ತಿದರೆ ಮತ್ತೆ ಹಿಡಿತಕ್ಕೆ ಸಿಗುತ್ತದೆ. ಹಿಂದಿನದು ಲಾಕ್ ಆದರೆ ಗಿರಕಿ ಹೊಡೆಯುತ್ತದೆ, ಅದನ್ನು ತಿದ್ದಲು ಸಾಮಾನ್ಯ ಚಾಲಕರಿಗೆ ಸಮಯವೇ ಇರುವುದಿಲ್ಲ. ಮಳೆಯಲ್ಲಿ, ಘಾಟಿಯ ತಿರುವಿನಲ್ಲಿ, ಎಬಿಎಸ್ ಇಲ್ಲದ ಕಾರಿನಲ್ಲಿ ಹೀಗಾಗುವುದನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಕಂಪನಿಯವರು ಹಿಂದಿನ ಬ್ರೇಕನ್ನು ಬೇಕೆಂದೇ ಸೌಮ್ಯವಾಗಿ ಇಟ್ಟಿರುತ್ತಾರೆ.

ಬೇಲೂರು ರಸ್ತೆ:
ಹಾಗಾದರೆ ಎಬಿಎಸ್ ಇರುವ ಕಾರಿಗೆ ತೊಂದರೆಯಿಲ್ಲ ಎಂದಾಯಿತು.

ಯಂತ್ರಪಾಠ ಹಾಸನ:
ಹಾಗೆ ಹೇಳಲಾಗದು. ಎಬಿಎಸ್ ಜೊತೆಗಿರುವ ಇಬಿಡಿ ವ್ಯವಸ್ಥೆ ಚಕ್ರದ ವೇಗವನ್ನು ನೋಡಿಕೊಂಡು ಹಿಂದಿನ ಒತ್ತಡವನ್ನು ತಡೆಯುತ್ತದೆ, ಆದ್ದರಿಂದ ಲಾಕ್ ಆಗುವ ಭಯ ಕಡಿಮೆ. ಆದರೆ ಒತ್ತಡವನ್ನು ಎಷ್ಟು ಬಿಡಬೇಕು, ಎಷ್ಟು ಹೊತ್ತು ತಡೆಯಬೇಕು ಎಂಬ ಲೆಕ್ಕವನ್ನು ಆ ಕಾರಿನ ಮೂಲ ಡ್ರಮ್ಮಿಗೆ ಹೊಂದಿಸಿ ಬರೆದಿರುತ್ತಾರೆ. ಚಕ್ರ ಕೂರುವ ಹಬ್ ಬದಲಿಸುವಾಗ ವೇಗ ಅಳೆಯುವ ಸೆನ್ಸರ್ ಮತ್ತು ಅದರ ಹಲ್ಲಿನ ಉಂಗುರವೂ ಸರಿಯಾಗಿ ಹೊಂದಬೇಕು. ಹಲ್ಲುಗಳ ಸಂಖ್ಯೆ ಬೇರೆಯಾದರೆ ಹಿಂದಿನ ಚಕ್ರ ಬೇರೆ ವೇಗದಲ್ಲಿ ತಿರುಗುತ್ತಿದೆ ಎಂದು ಕಂಪ್ಯೂಟರ್ ತಿಳಿಯುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹತ್ತಿ ಕೂರುತ್ತದೆ.

ಮೂಡಿಗೆರೆ ಅಕ್ಕ:
ಹ್ಯಾಂಡ್‌ಬ್ರೇಕಿನ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ನಮ್ಮ ಮನೆಯ ಅಂಗಳವೇ ಇಳಿಜಾರು, ನನಗೆ ಕಾಲಿನ ಬ್ರೇಕಿಗಿಂತ ಅದೇ ಮುಖ್ಯ. ಡಿಸ್ಕ್ ಹಾಕಿದರೆ ಹ್ಯಾಂಡ್‌ಬ್ರೇಕ್ ಎಲ್ಲಿ ಹಿಡಿಯುತ್ತದೆ?

ಲೇತ್ ಮೇಷ್ಟ್ರು:
ಎರಡು ಬಗೆಯಿದೆ ಅಕ್ಕ. ಒಂದರಲ್ಲಿ ಕ್ಯಾಲಿಪರ್‌ನ ಹಿಂಬದಿಯಲ್ಲೇ ಸಣ್ಣ ಲಿವರ್ ಇರುತ್ತದೆ. ಕೇಬಲ್ ಎಳೆದಾಗ ಒಳಗಿನ ಸ್ಕ್ರೂ ತಿರುಗಿ ಪಿಸ್ಟನ್ನನ್ನು ತಳ್ಳಿ ಪ್ಯಾಡನ್ನು ಒತ್ತುತ್ತದೆ. ಇನ್ನೊಂದರಲ್ಲಿ ಡಿಸ್ಕ್‌ನ ನಡುವಿನ ಟೋಪಿಯಂಥ ಭಾಗದೊಳಗೆ ಪುಟ್ಟ ಶೂಗಳಿದ್ದು, ಅದು ಹ್ಯಾಂಡ್‌ಬ್ರೇಕಿಗಷ್ಟೇ ಡ್ರಮ್ಮಿನಂತೆ ಕೆಲಸ ಮಾಡುತ್ತದೆ. ಎರಡನೆಯದು ಇಳಿಜಾರಿನಲ್ಲಿ ಬಲವಾಗಿ ಹಿಡಿಯುತ್ತದೆ, ಮೊದಲನೆಯದು ಜೋಡಿಸಲು ಸುಲಭ. ಗುಜರಿಯಲ್ಲಿ ಸಿಗುವ ಮುಂದಿನ ಚಕ್ರದ ಕ್ಯಾಲಿಪರನ್ನು ತಂದು ಹಿಂದೆ ಕೂರಿಸುವವರೂ ಇದ್ದಾರೆ, ಅದರಲ್ಲಿ ಹ್ಯಾಂಡ್‌ಬ್ರೇಕಿಗೆ ಜಾಗವೇ ಇಲ್ಲ. "ಆಮೇಲೆ ನೋಡಿಕೊಳ್ಳೋಣ" ಎಂಬ ಮಾತು ಅಲ್ಲಿಂದ ಬಂದಿರಬಹುದು ಎಂಬುದು ನನ್ನ ಅನುಮಾನ.

ಲಿವರ್ ಇರುವ ಕ್ಯಾಲಿಪರ್‌ಗೆ ಮುಂದೆ ಪ್ಯಾಡ್ ಬದಲಿಸುವಾಗ ಪಿಸ್ಟನ್ನನ್ನು ಕ್ಲ್ಯಾಂಪ್ ಹಾಕಿ ಒತ್ತಬಾರದು, ಅದರ ಟೂಲ್‌ನಿಂದ ತಿರುಗಿಸುತ್ತಾ ಒಳಗೆ ಕಳಿಸಬೇಕು. ಒತ್ತಿದವರ ಕಾರುಗಳು ಒಳಗಿನ ಸ್ಕ್ರೂ ಹಾಳಾಗಿ ನನ್ನಲ್ಲಿಗೆ ಬರುತ್ತವೆ.

ಕೈಮರ ಕಾಫಿ:
ನಾನು ಹಾಕಿಸಿರುವುದು ಲಿವರ್ ಇರುವುದನ್ನೇ. ಮೇಷ್ಟ್ರು ಹೇಳಿದ ಎಲ್ಲವನ್ನೂ ನಮ್ಮ ಮೆಕ್ಯಾನಿಕ್ ಮಾಡಿದ್ದಾನೆ. ಅದೇ ಕಂಪನಿಯ ಅದೇ ಬಗೆಯ ಆಕ್ಸಲ್ ಇರುವ ಮೇಲಿನ ಮಾದರಿಯಿಂದ ಹಬ್, ಡಿಸ್ಕ್, ಕ್ಯಾಲಿಪರ್, ಅದರ ಬ್ರ್ಯಾಕೆಟ್, ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್, ಮಾಸ್ಟರ್ ಸಿಲಿಂಡರ್ ಎಲ್ಲವನ್ನೂ ಒಟ್ಟಿಗೆ ತಂದೆವು. ಖರ್ಚನ್ನು ಕೇಳಬೇಡಿ, ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ. ನಾಲ್ಕು ಹೊಸ ಟೈರುಗಳ ಬೆಲೆಗಿಂತ ಹೆಚ್ಚೇ ಆಯಿತು ಎಂದಷ್ಟೇ ಹೇಳಬಲ್ಲೆ.

ಯಂತ್ರಪಾಠ ಹಾಸನ:
ಹೀಗೆ ಮಾಡಿದ್ದರೆ ನನ್ನ ತಕರಾರಿಲ್ಲ. ಆದರೆ ಆ ಹಣಕ್ಕೆ ನಾಲ್ಕು ಒಳ್ಳೆಯ ಟೈರುಗಳನ್ನೇ ಹಾಕಿಸಿದ್ದರೆ ಒದ್ದೆ ರಸ್ತೆಯಲ್ಲಿ ಕಾರು ನಿಲ್ಲುವ ದೂರ ಇನ್ನೂ ಕಡಿಮೆಯಾಗುತ್ತಿತ್ತು ಎಂದು ನನ್ನ ನಂಬಿಕೆ. ಮೊದಲೇ ಚಕ್ರ ಲಾಕ್ ಮಾಡುವಷ್ಟು ಶಕ್ತಿ ಇರುವ ಬ್ರೇಕಿಗೆ ಮತ್ತಷ್ಟು ಶಕ್ತಿ ತುಂಬಿದರೆ ಉಪಯೋಗವಿಲ್ಲ, ಉಳಿದ ಕೆಲಸವೆಲ್ಲ ಟೈರಿಗೂ ರಸ್ತೆಗೂ ಸೇರಿದ್ದು.

ಕೈಮರ ಕಾಫಿ:
ಟೈರುಗಳನ್ನೂ ಹಾಕಿಸಿದ್ದೇನೆ ಮೇಡಂ. ಚಿಕ್ಕಮಗಳೂರಿನವರಿಗೆ ರ‍್ಯಾಲಿಯ ಹುಚ್ಚು ಹಳೆಯದು, ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತೇ ನಮ್ಮ ತೋಟಗಳ ರಸ್ತೆಯಲ್ಲಿ ನಡೆದಿದೆ. ಆ ಕಾರುಗಳ ಹಿಂದಿನ ಚಕ್ರ ನೋಡಿದ್ದೀರಾ? ಡಿಸ್ಕ್.

ಶಿರಾಡಿ ಲಾರಿ:
ರ‍್ಯಾಲಿಯವರು ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸುತ್ತಾರೆ. ಮಗಳನ್ನು ಹಾಸ್ಟೆಲಿಗೆ ಬಿಡಲು ಹೋಗುವವರಿಗೆ ಅದು ಯಾಕೆ?

ವಕೀಲರ ಜಗಲಿ:
ತಾಂತ್ರಿಕ ವಿಚಾರ ನನಗೆ ತಿಳಿಯದು, ಕಾನೂನಿನ ಒಂದು ಮಾತು. ಮೋಟಾರು ವಾಹನ ಕಾಯಿದೆ 1988ರ 52ನೇ ಕಲಮು ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದು ಎಂಬುದು ಅದರ ತಿರುಳು. ಈ ಕಲಮನ್ನು ಬಿಗಿಯಾಗಿ ಪಾಲಿಸಬೇಕೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ 4ನೇ ಉಪಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಹೊರಗಿನ ಬಿಡಿಭಾಗ ಜೋಡಿಸುವುದನ್ನೂ ಅದರಲ್ಲಿ ಸೇರಿಸಿದ್ದಾರೆ.

ಕೈಮರ ಕಾಫಿ:
ಆರ್‌ಸಿಯಲ್ಲಿ ಬ್ರೇಕ್ ಯಾವ ಬಗೆಯದು ಎಂದು ಬರೆದೇ ಇರುವುದಿಲ್ಲವಲ್ಲ ವಕೀಲರೇ. ಬಣ್ಣ, ಎಂಜಿನ್ ನಂಬರ್, ಸೀಟುಗಳ ಸಂಖ್ಯೆ ಇರುತ್ತದೆ. ಇಲ್ಲದ ವಿವರಕ್ಕೆ ವ್ಯತ್ಯಾಸ ಬರುವುದು ಹೇಗೆ?

ವಕೀಲರ ಜಗಲಿ:
ನೀವು ಎತ್ತಿರುವ ವಾದವನ್ನು ನ್ಯಾಯಾಲಯದಲ್ಲಿ ಎತ್ತಬಹುದು, ಗೆಲ್ಲಲೂಬಹುದು. ಆದರೆ ಅಪಘಾತವಾದ ಮೇಲೆ ವಿಮಾ ಸರ್ವೇಯರ್ ಚಕ್ರ ಬಿಚ್ಚಿಸಿ ನೋಡಿ ವರದಿ ಬರೆದಾಗ ವಾದ ಮಾಡುತ್ತಾ ಕೂರಬೇಕಾದವರು ನೀವೇ. ವಿಮಾ ಕಂಪನಿಗೆ ಮುಂಚಿತವಾಗಿ ಲಿಖಿತವಾಗಿ ತಿಳಿಸಿ, ಅವರ ಉತ್ತರವನ್ನು ಪಡೆದಿಟ್ಟುಕೊಳ್ಳಿ. ಬಣಕಲ್‌ನವರ ಕಾರಿಗೆ 15 ವರ್ಷ ತುಂಬಿದಾಗ ನೋಂದಣಿ ನವೀಕರಣಕ್ಕೆ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕಾಗುತ್ತದೆ ಎಂಬುದನ್ನೂ ನೆನಪಿನಲ್ಲಿಡಿ.

ಮೂಡಿಗೆರೆ ಅಕ್ಕ:
ಡಿಸ್ಕ್ ಹಾಕಿದವರಿಗೆ ಮಳೆಗಾಲದಲ್ಲಿ ತೊಂದರೆಯೇ ಇಲ್ಲ ಎನ್ನುವ ಹಾಗೆ ಕೈಮರದವರು ಬರೆದಿದ್ದಾರೆ. ನಮ್ಮ ಭಾವನವರ ಕಾರಿಗೆ ಕಂಪನಿಯಿಂದಲೇ ಹಿಂದೆ ಡಿಸ್ಕ್ ಬಂದಿದೆ. ಆಷಾಢದಲ್ಲಿ ಓಡಿಸದೆ ನಿಲ್ಲಿಸಿದ್ದ ಕಾರಿನ ಡಿಸ್ಕ್ ಮೇಲೆಲ್ಲ ಕೆಂಪು ತುಕ್ಕು ಕುಳಿತು, ಕ್ಯಾಲಿಪರ್‌ನ ಸ್ಲೈಡ್ ಪಿನ್ ಹಿಡಿದುಕೊಂಡು, ಒಂದೇ ಕಡೆಯ ಪ್ಯಾಡ್ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು. ಡ್ರಮ್‌ಗೂ ತನ್ನದೇ ರಗಳೆ ಇದೆ. ತೊಳೆದು ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಶೂ ಡ್ರಮ್ಮಿಗೆ ಅಂಟಿಕೊಂಡುಬಿಡುತ್ತದೆ. ನಾನಂತೂ ಮಳೆಗಾಲದಲ್ಲಿ ಮನೆಯಲ್ಲಿ ನಿಲ್ಲಿಸುವಾಗ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿರುತ್ತೇನೆ.

ಯಂತ್ರಪಾಠ ಹಾಸನ:
ಅಕ್ಕ ಹೇಳಿದ ತುಕ್ಕಿಗೂ ಹೊಸ ಕಾರುಗಳಿಗೂ ಸಂಬಂಧವಿದೆ. ಫೋಕ್ಸ್‌ವ್ಯಾಗನ್‌ನ ಐಡಿ.4 ಎಂಬ ವಿದ್ಯುತ್ ಕಾರಿಗೆ ಹಿಂದೆ ಡ್ರಮ್ ಬ್ರೇಕ್ ಕೊಟ್ಟಿದ್ದಾರೆ, ಹಣದ ಕೊರತೆಯಿಂದ ಖಂಡಿತ ಅಲ್ಲ. ವಿದ್ಯುತ್ ಕಾರಿನಲ್ಲಿ ವೇಗ ತಗ್ಗಿಸುವ ಕೆಲಸವನ್ನು ಬಹುಪಾಲು ಮೋಟಾರೇ ಮಾಡುವುದರಿಂದ ಹಿಂದಿನ ಬ್ರೇಕ್ ಅಪರೂಪಕ್ಕೆ ಕೆಲಸ ಮಾಡುತ್ತದೆ, ಹಾಗೆ ಸುಮ್ಮನಿರುವ ಡಿಸ್ಕ್ ಬೇಗ ತುಕ್ಕು ಹಿಡಿಯುತ್ತದೆ. ಮುಚ್ಚಿದ ಡ್ರಮ್ಮಿಗೆ ಆ ಕಷ್ಟ ಕಡಿಮೆ. ಆದ್ದರಿಂದ ಆಲೂರಿನವರು ಹೇಳಿದಂತೆ ಇದನ್ನು ಹಳೆಯದು, ಹೊಸದು ಎಂದು ಎರಡು ಪಾಲು ಮಾಡಲಾಗದು.

ಬಣಕಲ್ ಸವಾರ:
ಮೇಷ್ಟ್ರು ಕೇಳಿದ್ದನ್ನೆಲ್ಲ ಮೂಡಿಗೆರೆಯ ಇನ್ನೊಬ್ಬ ಮೆಕ್ಯಾನಿಕ್ ಬಳಿ ಬಿಚ್ಚಿಸಿ ನೋಡಿದೆ. ಬ್ರೇಕ್ ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು. ಎಡಗಡೆ ಡ್ರಮ್ ಕಷ್ಟಪಟ್ಟು ಬಂತು, ಅಂಚಿನಲ್ಲಿ ಸವೆಯದೆ ಉಳಿದ ಏಣು ಶೂಗಳನ್ನು ಹಿಡಿದುಕೊಂಡಿತ್ತು. ವೀಲ್ ಸಿಲಿಂಡರ್‌ನ ರಬ್ಬರ್ ಟೋಪಿಯನ್ನು ಸ್ಕ್ರೂಡ್ರೈವರ್ ತುದಿಯಿಂದ ಎತ್ತಿದ ಕೂಡಲೇ ಒಳಗಿನಿಂದ ಆಯಿಲ್ ಹನಿ ಇಳಿಯಿತು. ಶೂಗಳನ್ನು ಡ್ರಮ್ಮಿನ ಹತ್ತಿರ ಇಡುವ ಎರಡೂ ಕಡೆಯ ಅಡ್ಜಸ್ಟರ್ ಧೂಳಿನಿಂದ ಬಿಗಿದುಕೊಂಡು ತಿರುಗುವುದನ್ನೇ ನಿಲ್ಲಿಸಿದ್ದವು. ವೀಲ್ ಸಿಲಿಂಡರ್ ಎರಡು, ಶೂ ಸೆಟ್ ಮತ್ತು ಮುಂದಿನ ಪ್ಯಾಡ್ ಹೊಸದಾಗಿ ಹಾಕಿ, ಆಯಿಲನ್ನು ಪೂರ್ತಿ ಬದಲಿಸಿ ಡಾಟ್ 4 ತುಂಬಿಸಿ, ಗಾಳಿ ತೆಗೆದರು. ಆಮೇಲೆ ತುಂಬಿದ ಕಾರಿನಲ್ಲಿ ಎರಡನೆಯ ಗೇರಿನಲ್ಲೇ ಚಾರ್ಮಾಡಿ ಇಳಿದೆ, ಪೆಡಲ್ ಇದ್ದಲ್ಲೇ ಇತ್ತು. ಸದ್ಯಕ್ಕೆ ಡಿಸ್ಕ್ ವಿಚಾರ ಕೈಬಿಟ್ಟಿದ್ದೇನೆ. ಡ್ರಮ್ಮನ್ನು ಲೇತ್‌ಗೆ ಕೊಡಬೇಕೇ ಎಂಬುದೊಂದು ಉಳಿದಿದೆ ಮೇಷ್ಟ್ರೇ.

ಲೇತ್ ಮೇಷ್ಟ್ರು:
ಡ್ರಮ್ಮಿನ ಮೇಲೆಯೇ ಗರಿಷ್ಠ ವ್ಯಾಸ ಇಷ್ಟು ಎಂದು ಎರಕದಲ್ಲಿ ಬರೆದಿರುತ್ತದೆ, ಬ್ರಷ್ ಹಾಕಿ ಉಜ್ಜಿದರೆ ಕಾಣುತ್ತದೆ. ಅಳೆದು ನೋಡಿ, ಏಣು ತೆಗೆದ ಮೇಲೂ ಆ ಮಿತಿಯೊಳಗೆ ಉಳಿಯುವಂತಿದ್ದರೆ ಮಾತ್ರ ಲೇತ್‌ಗೆ ಹಾಕಿಸಿ. ಮಿತಿ ದಾಟಿದ್ದರೆ ಹೊಸ ಡ್ರಮ್ ತರಬೇಕು. ತೆಳುವಾದ ಡ್ರಮ್ ಬೇಗ ಬಿಸಿಯಾಗುತ್ತದೆ, ಬೇಗ ಹಿಗ್ಗುತ್ತದೆ, ಘಾಟಿಯವರಿಗೆ ಅದು ಆಗಿಬರುವುದಿಲ್ಲ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಲಿ.

ಆಲೂರು ಹುಡುಗ:
ನೀವೆಲ್ಲ ಏನೇ ಹೇಳಿ, ನಾನು ಹಾಕಿಸುವುದು ಹಾಕಿಸುವುದೇ. ಮೇಡಂ ಲೆಕ್ಕ, ವಕೀಲರ ಕಲಮು ಎರಡನ್ನೂ ಓದಿದ್ದೇನೆ, ವಿಮೆಯವರಿಗೆ ಪತ್ರವನ್ನೂ ಬರೆಯುತ್ತೇನೆ. ಮೇಷ್ಟ್ರೇ, ಸಾಮಾನು ಆಯ್ದುಕೊಳ್ಳುವಾಗ ಏನೇನು ನೋಡಬೇಕು ಹೇಳಿ.

ಲೇತ್ ಮೇಷ್ಟ್ರು:
ಹಟ ಹಿಡಿದಿದ್ದೀರಿ, ಸರಿಯಾಗಿಯಾದರೂ ಮಾಡಿ. ಕೈಮರದವರ ಹಾಗೆ ಒಂದೇ ಕಾರಿನಿಂದ ಪೂರ್ತಿ ಸೆಟ್ ತನ್ನಿ. ಹಬ್ ಕೂರುವ ಸ್ಟಬ್ ಆಕ್ಸಲ್‌ನ ದಪ್ಪ, ಬೇರಿಂಗ್ ಅಳತೆ, ಬೋಲ್ಟ್‌ಗಳ ಅಂತರ ಹೊಂದಬೇಕು. ಬ್ರ್ಯಾಕೆಟನ್ನು ಇಲ್ಲೇ ತಗಡು ಕತ್ತರಿಸಿ ವೆಲ್ಡ್ ಮಾಡಿಕೊಡಿ ಎಂದು ನನ್ನ ಬಳಿ ಬಂದರೆ ನಾನು ಮಾಡಿಕೊಡುವುದಿಲ್ಲ, ಬೇರೆಯವರು ಮಾಡಿಕೊಟ್ಟರೂ ಒಪ್ಪಬೇಡಿ. ಚಕ್ರದ ರಿಮ್ ಒಳಗೆ ಕ್ಯಾಲಿಪರ್ ತಾಗದಷ್ಟು ಜಾಗವಿದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಹಳೆಯ ಕಾಲದ ಕಾರಾದರೆ ಡ್ರಮ್ಮಿನ ಲೈನಿನಲ್ಲಿ ಸ್ವಲ್ಪ ಒತ್ತಡವನ್ನು ಹಿಡಿದಿಡುವ ವಾಲ್ವ್ ಇರಬಹುದು. ಅದನ್ನು ಹಾಗೆಯೇ ಬಿಟ್ಟರೆ ಪ್ಯಾಡ್ ಸದಾ ಡಿಸ್ಕಿಗೆ ಉಜ್ಜುತ್ತಿರುತ್ತದೆ.

ಕೂರಿಸಿದ ಮೇಲೆ ಗಾಳಿ ತೆಗೆಯುವ ನಿಪ್ಪಲ್ ಮೇಲ್ಮುಖವಾಗಿದೆಯೇ ನೋಡಿ. ಎಡದ ಕ್ಯಾಲಿಪರನ್ನು ಬಲಕ್ಕೆ ಹಾಕಿದರೆ ನಿಪ್ಪಲ್ ಕೆಳಗೆ ಬರುತ್ತದೆ, ಮೇಲೆ ಸಿಕ್ಕಿಕೊಂಡ ಗಾಳಿ ಎಷ್ಟು ಬ್ಲೀಡ್ ಮಾಡಿದರೂ ಹೊರಗೆ ಬರುವುದಿಲ್ಲ. ಇದೆಲ್ಲ ಆದ ಮೇಲೆ ಜನವಿಲ್ಲದ ಬಯಲಿನಲ್ಲಿ, ಒದ್ದೆ ನೆಲದ ಮೇಲೆ, ಕಡಿಮೆ ವೇಗದಲ್ಲಿ ಜೋರಾಗಿ ಬ್ರೇಕ್ ಹಾಕಿ. ಹೊರಗೆ ನಿಂತು ನೋಡಲು ಒಬ್ಬರಿರಲಿ. ಮುಂದಿನ ಚಕ್ರ ಮೊದಲು ಲಾಕ್ ಆಗಬೇಕು. ಹಿಂದಿನದು ಮೊದಲು ಲಾಕ್ ಆದರೆ ಆ ಕಾರನ್ನು ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಗೆ ತರಬೇಡಿ, ನೇರ ಗ್ಯಾರೇಜಿಗೆ ಹೋಗಲಿ.

ಆಲೂರು ಹುಡುಗ:
ಗುಜರಿಯವರಿಗೆ ಫೋನ್ ಮಾಡಿದೆ. ಎಡಗಡೆಯ ಕ್ಯಾಲಿಪರ್ ಮಾತ್ರ ಇದೆಯಂತೆ, ಬಲಗಡೆಗೆ ಬೇರೆ ಮಾದರಿಯದು "ಹೆಚ್ಚುಕಡಿಮೆ ಅದೇ" ಇದೆ ಎನ್ನುತ್ತಿದ್ದಾರೆ. ತರಬಹುದೇ?

ಲೇತ್ ಮೇಷ್ಟ್ರು:
ಬೇಡ, ಕಾಯಿರಿ. ಒಂದು ಕಡೆ 30, ಇನ್ನೊಂದು ಕಡೆ 34 ಮಿಲಿಮೀಟರ್ ಪಿಸ್ಟನ್ ಕುಳಿತರೆ ಬ್ರೇಕ್ ಹಾಕಿದಾಗಲೆಲ್ಲ ಕಾರು ಒಂದು ಬದಿಗೆ ಎಳೆಯುತ್ತದೆ. ಜೋಡಿ ಸಿಕ್ಕಾಗ ಕೊಳ್ಳುವ ಮೊದಲು ಎರಡರ ಪಿಸ್ಟನ್ನನ್ನೂ ವರ್ನಿಯರ್ ಹಿಡಿದು ಅಳೆದು, ಫೋಟೊ ತೆಗೆದು ಇಲ್ಲಿ ಹಾಕಿ.